ಕಲ್ಲಯ್ಯನ ಕೆಲಸ

ಪ್ರಭಾ ಒದ್ದೆ ಬಟ್ಟೆಯಿಂದ ಗಂಡನ ಬಲ ಅಂಗೈಯನ್ನು ಮೂರನೆಯ ಸಲ ಒರೆಸಿದಳು. ಹೆಬ್ಬೆರಳಿನ ಬುಡದಲ್ಲಿದ್ದ ಹಳದಿ ಗುರುತು ಹೋಗಲಿಲ್ಲ. ಆಮೇಲೆ ಹೊಳೆಯಿತು, ಅದು ಕೊಳೆಯಲ್ಲ, ಜಡ್ಡು. ಇಪ್ಪತ್ತೈದು ವರ್ಷದಿಂದ ಕಂಡವರ ಕೈ ಹಿಡಿದು ನಾಡಿ ನೋಡುತ್ತ ಬಂದವಳು ಮನೆಯವನ ಅಂಗೈಯ ಜಡ್ಡನ್ನು ಇವತ್ತು ನೋಡುತ್ತಿದ್ದಳು, ಸಟನ್ನಿನ ಹೈ ಸ್ಟ್ರೀಟಿನಲ್ಲಿ ಶವಸಂಸ್ಕಾರದವರ ಅಂಗಡಿಯ ಹಿಂದಿನ ತಣ್ಣನೆಯ ಕೋಣೆಯಲ್ಲಿ.

"ಎಡಗೈ, ತಂಗಿ," ಅಂದ ಮಲ್ಲಪ್ಪ. "ಲಿಂಗ ಇಡೂದು ಎಡಗೈಯಾಗ."

ಮಲ್ಲಪ್ಪ ಅವಳ ಅಣ್ಣ. ಸುದ್ದಿ ಕೇಳಿ ಹುಬ್ಬಳ್ಳಿಯಿಂದ ಬಂದು ಎರಡು ದಿನವಾಗಿತ್ತು. ಹದಿನಾಲ್ಕು ವರ್ಷದಲ್ಲಿ ತಂಗಿಯ ಲಂಡನ್ ಮನೆಗೆ ಬಂದದ್ದು ಇದೇ ಮೊದಲು. ಚೀಲದಲ್ಲಿ ವಿಭೂತಿ ಗಟ್ಟಿ, ಒಣಗಿದ ಬಿಲ್ವಪತ್ರೆ, ಒಂದು ಮಡಿಪಂಚೆ ತಂದಿದ್ದ. ಕಲ್ಲಯ್ಯ ಜಂಗಮರವನು, ಅವನನ್ನು ಸುಡಬಾರದು, ಹೂಳಬೇಕು ಎಂದು ಫೋನಿನಲ್ಲೇ ಹೇಳಿದ್ದ. ಅದಕ್ಕೆ ಯಾರೂ ಎದುರಾಡಿರಲಿಲ್ಲ.

"ಕುಂದರಿಸಿ ಮಣ್ಣು ಮಾಡಬೇಕಾಗಿತ್ತು," ಅಂದ ಈಗ, ಪೆಟ್ಟಿಗೆಯ ಉದ್ದ ನೋಡುತ್ತ. "ಮಲಗಿಸಿ ಅಂದ್ರ..."

"ಕೌನ್ಸಿಲ್ ಒಪ್ಪಲ್ಲ, ಮಾವ," ಅಂದಳು ಸ್ಮೃತಿ. ಹದಿನೆಂಟರ ಮಗಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಬಾಯಿಂದ ಬರುವಾಗ ಅರ್ಧಕ್ಕೆ ಇಂಗ್ಲಿಷ್ ಆಗುತ್ತಿತ್ತು. "ಐ ಆಸ್ಕ್ಡ್ ದೆಮ್ ಟ್ವೈಸ್."

ಪ್ರಭಾ ಗಂಡನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದಳು. ಬಲ ಹುಬ್ಬಿನ ಮೇಲಿದ್ದ ಸಣ್ಣ ಹಳೆಯ ಗಾಯದ ಗೆರೆಯ ಹತ್ತಿರ ಬೆರಳು ಒಂದು ಗಳಿಗೆ ನಿಂತಿತು. ಆ ಹೊಲಿಗೆ ಅವಳದೇ. ಕಳೆದ ಭಾನುವಾರ ಕಲ್ಲಯ್ಯ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದವನು ಹಾಗೇ ಕುಸಿದಿದ್ದ. ಅವಳೇ ಎದೆ ಒತ್ತಿದ್ದಳು, ಆಂಬುಲೆನ್ಸ್ ಬರುವ ತನಕ ಹನ್ನೊಂದು ನಿಮಿಷ. ಐವತ್ತಮೂರು ವಯಸ್ಸು.

ಅಂಗಡಿಯ ಕಪ್ಪು ಕೋಟಿನವನು ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದ, ಎಷ್ಟು ಜನ ಬರಬಹುದು, ಮೇಡಂ?

"ಮೂವತ್ತು," ಅಂದಳು ಪ್ರಭಾ. ಆಸ್ಪತ್ರೆಯವರು, ಕನ್ನಡದ ಮನೆಗಳವರು. ಅವನದೇ ಆದ ಜನ ಎಂದು ಎಣಿಸಲು ಅವಳಿಗೆ ಯಾರೂ ನೆನಪಾಗಲಿಲ್ಲ.

•

ಧಾರವಾಡದಲ್ಲಿ ಕಲ್ಲಯ್ಯನ ಅಪ್ಪನದು ಹಾರ್ಮೋನಿಯಂ ರಿಪೇರಿಯ ಅಂಗಡಿ. ಅಂಗಡಿ ಅಂದರೆ ಒಂದು ಜಗುಲಿ, ಉಜ್ಜುವ ಎರಡು ಅರ, ಒಂದು ತಂಬೂರಿ. ಮೆಡಿಕಲ್ ಓದುತ್ತಿದ್ದ ಪ್ರಭಾ ಸಂಜೆ ಹೊತ್ತು ಹಾಡು ಕಲಿಯುತ್ತಿದ್ದಳು. ಅವಳ ಹಾರ್ಮೋನಿಯಂ ಪೆಟ್ಟಿಗೆಯ ಒಂದು ಸ್ವರ ಮೂಕವಾದಾಗ ಅಲ್ಲಿಗೆ ಒಯ್ದಳು. ಕಲ್ಲಯ್ಯ ಆ ಸ್ವರದ ಹಿತ್ತಾಳೆಯ ರೀಡು ಬಿಚ್ಚಿ, ಊದಿ, ಅಂಗೈ ಮುಂದೆ ಹಿಡಿದ.

"ನಿಮ್ಮ ಪಂಚಮದಾಗ ಒಂದು ಜಿರಳಿ ಮರಿ ಸತ್ತಿತ್ರಿ."

ಅವಳು ನಕ್ಕಳು. ಮೂರು ವರ್ಷದ ಮೇಲೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದರು. ಡಾಕ್ಟರಾದ ತಂಗಿ ಪೆಟ್ಟಿಗೆ ರಿಪೇರಿಯವನನ್ನು ಕಟ್ಟಿಕೊಂಡಳಲ್ಲ ಎಂದು ಮಲ್ಲಪ್ಪ ಮದುವೆಗೆ ಬರಲಿಲ್ಲ.

ತೊಂಬತ್ತೆರಡರಲ್ಲಿ ಪ್ರಭಾಗೆ ಸಟನ್ ಕಡೆಯ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಕಲ್ಲಯ್ಯ ನಾಲ್ಕು ವರ್ಷದ ಸ್ಮೃತಿಯನ್ನು ಕರೆದುಕೊಂಡು ಹಿಂದೆ ಬಂದ. ಹೆಂಡತಿ ಡ್ಯೂಟಿಗೆ ಹೋದ ಮೇಲೆ ಅನ್ನ ಮಾಡಿ, ಬಟ್ಟೆ ಒಗೆದು, ಮಗಳನ್ನು ಚರ್ಚಿನ ಹಾಲಿನಲ್ಲಿ ನಡೆಯುತ್ತಿದ್ದ ಶಿಶುವಿಹಾರಕ್ಕೆ ಬಿಡುತ್ತಿದ್ದ. ಅಲ್ಲಿ ಮಕ್ಕಳು ಗುದ್ದಿ ಗುದ್ದಿ ಹಾಳುಗೆಡವಿದ ಪಿಯಾನೋ ಒಂದಿತ್ತು. ಒಂದು ದಿನ ಅಪ್ಪಣೆ ಕೇಳಿ ಅದರ ಮುಂದಿನ ಹಲಗೆ ತೆಗೆದ. ಒಳಗೆ ಇನ್ನೂರಕ್ಕೂ ಹೆಚ್ಚು ತಂತಿಗಳು, ಸಾಲಾಗಿ ನಿಂತ ಉಣ್ಣೆಯ ಸುತ್ತಿಗೆಗಳು. ಅದರ ಮುಂದೆ ಎಷ್ಟು ಹೊತ್ತು ನಿಂತನೆಂದರೆ, ಇವನು ಮಗುವನ್ನು ಮರೆತೇ ಬಿಟ್ಟ ಎಂದು ಅಲ್ಲಿನ ಹೆಂಗಸರು ಕೂಗಿ ಕರೆದರು.

ಆ ಸೆಪ್ಟೆಂಬರಿನಲ್ಲಿ ಪಿಯಾನೋ ಟ್ಯೂನಿಂಗ್ ಕಲಿಸುವ ಸಂಜೆ ಕಾಲೇಜಿಗೆ ಸೇರಿದ. ಎರಡು ತಿಂಗಳಿಗೆ ಮುಖ ಸಣ್ಣದು ಮಾಡಿಕೊಂಡು ಬಂದು ಅಡುಗೆಮನೆಯಲ್ಲಿ ಕೂತ.

"ಇಲ್ಲಿ ಪಂಚಮಾನ ಬೇಕಂತ ಕೆಡಸ್ತಾರ, ಪ್ರಭಾ."

"ಅಂದ್ರ?"

"ಒಂದು ಕೂದಲೆಳಿಯಷ್ಟು ಇಳಸ್ತಾರ. ಹನ್ನೆರಡೂ ಸ್ವರ ಒಂದೇ ಮನಿಯಾಗ ಬಾಳೇ ಮಾಡಬೇಕಂದ್ರ ಯಾವುದೂ ಪೂರಾ ಖರೇ ಇರಬಾರದಂತ. ಎಲ್ಲಾರಿಗೂ ಸ್ವಲ್ಪ ಸ್ವಲ್ಪ ಅನ್ಯಾಯ. ನಮ್ಮಪ್ಪ ಕೇಳಿದ್ರ ಕಪಾಳಕ್ಕ ಹೊಡೀತಿದ್ದ."

ಎರಡು ಪಾಳಿ ಒಟ್ಟಿಗೆ ಮುಗಿಸಿ ಬಂದ ಪ್ರಭಾ ರೊಟ್ಟಿ ಕೈಯಲ್ಲಿ ಹಿಡಿದೇ ನಿದ್ದೆ ಹೋಗಿದ್ದಳು. ಕಲ್ಲಯ್ಯ ರೊಟ್ಟಿ ತೆಗೆದಿಟ್ಟು ಅವಳ ಕೈ ಒರೆಸಿದ.

ಜೊತೆಗೆ ಮಿಡಿದ ಎರಡು ತಂತಿಗಳ ನಡುವೆ ಏಳುವ ಸಣ್ಣ ಅಲೆಯನ್ನು ಕೇಳಿಸಿಕೊಳ್ಳುವುದು ಅವನಿಗೆ ಕಷ್ಟವಾಗಲಿಲ್ಲ. ಕೇಳಿಸಿಕೊಂಡೂ ಅದನ್ನು ಪೂರ್ತಿ ಅಳಿಸದೆ, ಹೇಳಿದ ಅಳತೆಗೆ ಬಿಟ್ಟು ಕೈ ತೆಗೆಯುವುದನ್ನು ಕಲಿಯಲು ಎಂಟು ತಿಂಗಳು ಹಿಡಿಯಿತು.

ಅದರ ಮೇಲಿನ ಕಷ್ಟಗಳಿಗೆ ಕಾಲೇಜಿನಲ್ಲಿ ಪಾಠವಿರಲಿಲ್ಲ. ಕೆಲವರು ಬಾಗಿಲು ಅರ್ಧ ತೆರೆದು, ಮುಖ ನೋಡಿ, ನಮಗೇನೂ ಬೇಡ ಎಂದು ಮುಚ್ಚುತ್ತಿದ್ದರು. ಅವನು ಮತ್ತೆ ಬೆಲ್ ಒತ್ತಿ, ನೀವೇ ಕರೆದದ್ದು ಎನ್ನಬೇಕು. ಅವನು ಒಂದು ತಂತಿಗೆ ಕಿವಿಗೊಟ್ಟು ಕೂತಾಗಲೇ ಒಳಗೆ ಕಸ ಹೀರುವ ಹೂವರ್ ಶುರುವಾಗುತ್ತಿತ್ತು. ಪಿಯಾನೋವನ್ನು ಕೋಣೆ ಬಿಸಿ ಮಾಡುವ ರೇಡಿಯೇಟರಿಗೆ ಆನಿಸಿ ಇಡುತ್ತಿದ್ದರು. ಮಾಡಿದ ಕೆಲಸ ತಿಂಗಳೊಳಗೆ ಇಳಿದು ಹೋದರೆ ಬೈಗುಳ ಅವನಿಗೆ. ಎಲ್ಲಕ್ಕಿಂತ ಸಂಕಟದ್ದೆಂದರೆ, ಇದು ಇನ್ನು ಶ್ರುತಿ ಹಿಡಿಯುವುದಿಲ್ಲ, ಮರ ಸೀಳಿದೆ ಎಂದು ಹೇಳಬೇಕಾಗಿ ಬರುವುದು. ಪಕ್ಕದೂರು ಪರ್ಲಿಯಲ್ಲಿ ಒಬ್ಬ ಮುದುಕ, ಇದು ನನ್ನ ತಾಯಿಯದು, ನಿನಗೆ ಕೆಲಸ ಬರುವುದಿಲ್ಲ, ಹೊರಗೆ ನಡೆ ಅಂದಿದ್ದ. ಆ ಸಂಜೆ ಕಲ್ಲಯ್ಯ ಊಟ ಮಾಡಲಿಲ್ಲ. ಬೈದದ್ದಕ್ಕಲ್ಲ. "ಪಾಪ, ಅಂವ ಇನ್ನ ಅದರ ಮುಂದ ಹೆಂಗ ಕೂಡತಾನ," ಎಂದು ನಾಲ್ಕು ಸಲ ಅಂದ.

ಒಮ್ಮೆ ಬಿಗಿ ಮಾಡುವಾಗ ತಂತಿ ಹರಿದು ಹುಬ್ಬಿಗೆ ಬಡಿಯಿತು. ಆಸ್ಪತ್ರೆಗೆ ಹೋಗದೆ ಕರವಸ್ತ್ರ ಒತ್ತಿಕೊಂಡು ಮನೆಗೇ ಬಂದ. ಪ್ರಭಾ ಊಟದ ಮೇಜಿನ ಮೇಲೆ ದೀಪ ಎಳೆದುಕೊಂಡು ಮೂರು ಹೊಲಿಗೆ ಹಾಕಿದಳು.

"ಕಣ್ಣ ಹೋಗತಿತ್ತು. ಬ್ಯಾರೆ ಏನರ ಕೆಲಸ ನೋಡ್ರಿ. ಯಾಕ ಬೇಕ್ರಿ ಇದು?"

"ಅಲುಗಬ್ಯಾಡ ಅಂತ ನೀನ ಹೇಳಿ, ನೀನ ಪ್ರಶ್ನಿ ಕೇಳ್ತಿ," ಅಂದ. ಹೊಲಿಗೆ ಮುಗಿದ ಮೇಲೆ ಹೇಳಿದ: "ಇವತ್ತು ಒಬ್ಬಾಕಿ ಮುದುಕಿ ಮನಿಯಾಗ ಮುಗಿಸಿ ಎದ್ದೆ. ಅಕಿ ಕುಂತು ಒಂದು ಸಣ್ಣ ಹಾಡು ಬಾರಿಸಿದ್ಲು. ಅರ್ಧಕ್ಕ ನಿಲ್ಲಿಸಿ ಪಿಯಾನೋದ ಮೈ ಸವರಿದ್ಲು, ಮಕ್ಕಳ ಬೆನ್ನ ಸವರಿದಂಗ. ಅದನ್ನ ನೋಡಾಕ ಹೋಗ್ತೇನಿ."

•

ಸ್ಮಶಾನದಲ್ಲಿ ಮಾರ್ಚಿನ ಗಾಳಿ ಸೀರೆಯ ಸೆರಗುಗಳನ್ನು ಕೋಟಿನ ಒಳಗಿಂದ ಎಳೆಯುತ್ತಿತ್ತು. ಕನ್ನಡದ ಮನೆಗಳವರು ಒಂದು ಕಡೆ ಗುಂಪಾಗಿ ನಿಂತಿದ್ದರು. ಪ್ರಭಾಳ ಹಿರಿಯ ಸಹೋದ್ಯೋಗಿ, ಹೃದಯದ ಡಾಕ್ಟರು ಉದಯಶಂಕರ್, ಅವರ ಹೆಂಡತಿ ಚಂದ್ರಿಕಾ ಮುಂದೆ ನಿಂತಿದ್ದರು. ಕಾರ್ಯ ಮುಗಿದ ಮೇಲೆ ಎಲ್ಲರೂ ತಮ್ಮ ಮನೆಗೇ ಬರಬೇಕೆಂದು ಚಂದ್ರಿಕಾ ಆಗಲೇ ಹೇಳಿದ್ದರು. ಪ್ರಭಾಳ ಮನೆಯಲ್ಲಿ ಅಷ್ಟು ಜನ ಹಿಡಿಸುತ್ತಿರಲಿಲ್ಲ.

ಇನ್ನೊಂದು ಕಡೆ ಪ್ರಭಾಗೆ ಗುರುತಿಲ್ಲದ ಜನ ನಿಂತಿದ್ದರು. ಮೊದಲು ಬೇರೆ ಯಾರದೋ ಸಂಸ್ಕಾರಕ್ಕೆ ಬಂದವರು ಎಂದುಕೊಂಡಳು. ಮಲ್ಲಪ್ಪ ಹಿಡಿಮಣ್ಣು ಹಾಕಿ ಸರಿದಾಗ ಅವರು ಸಾಲು ಕಟ್ಟಿದರು. ಹದಿನಾರೋ ಹದಿನೇಳೋ ಮಂದಿ. ಶಾಲೆಯ ಸಮವಸ್ತ್ರದ ಮೇಲೆ ಕೋಟು ಹಾಕಿದ ಇಬ್ಬರು ಹುಡುಗಿಯರು, ಒಬ್ಬ ಪಾದ್ರಿ, ಬಿಳಿ ಕೋಲು ಹಿಡಿದ ಹೆಂಗಸು, ದೊಡ್ಡ ಟೋಪಿಯ ಜಮೈಕದ ಮುದುಕಿ.

"ಯಾರ ಇವರೆಲ್ಲ?" ಅಂದ ಮಲ್ಲಪ್ಪ.

"ಡ್ಯಾಡ್ಸ್ ಪೀಪಲ್," ಅಂದಳು ಸ್ಮೃತಿ. "ಅಪ್ಪನ ಡೈರಿ ನೋಡಿ ನಾನೇ ಫೋನ್ ಮಾಡಿದೆ. ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡೋಕೆ. ಎಲ್ಲರೂ ಎಷ್ಟು ಗಂಟೆಗೆ, ಎಲ್ಲಿ ಅಂತ ಕೇಳಿದ್ರು."

ಎತ್ತರದ ಮುದುಕನೊಬ್ಬ ಟೋಪಿ ತೆಗೆದು ಪ್ರಭಾಳ ಹತ್ತಿರ ಬಂದ. ಹೆಸರು ಕಾಯಲ್, ಬಸ್ ಓಡಿಸುತ್ತಿದ್ದೆ ಎಂದು ಪರಿಚಯ ಹೇಳಿಕೊಂಡ. ಅವನ ಹೆಂಡತಿ ಪಿಯಾನೋ ನುಡಿಸುತ್ತಿದ್ದಳಂತೆ. ಐದು ವರ್ಷದ ಹಿಂದೆ ಮರೆವು ಶುರುವಾಗಿ ನುಡಿಸುವುದು ನಿಂತಿತು, ಆಮೇಲೆ ಮಾತೂ ನಿಂತಿತು.

"ಇನ್ನು ಬರಬೇಡಿ, ನುಡಿಸುವವರಿಲ್ಲ ಅಂತ ನಾನು ಅವರಿಗೆ ಹೇಳಿದೆ," ಅಂದ ಕಾಯಲ್. "ಒಂದು ಸಲ ಮಾಡಿಬಿಡುತ್ತೇನೆ ಅಂದರು. ನಿಮಗೆ ಗೊತ್ತಲ್ಲ, ಆ ಸದ್ದು ಮನುಷ್ಯರನ್ನು ಮನೆಯಿಂದ ಓಡಿಸುವಂಥದ್ದು. ಒಂದೇ ಸ್ವರ, ಒಂದೇ ಸ್ವರ, ಎರಡು ಗಂಟೆ. ನನ್ನ ಮಾರೀನ್ ಅಡುಗೆಮನೆಯಿಂದ ತಾನಾಗಿ ಎದ್ದು ಬಂದು ಪಕ್ಕದಲ್ಲಿ ಕೂತಳು. ಮುಗಿಯುವ ತನಕ ಕೂತಿದ್ದಳು. ಆಮೇಲೆ ಅವರು ಎರಡು ತಿಂಗಳಿಗೊಮ್ಮೆ ಬರುತ್ತಿದ್ದರು. ಪಿಯಾನೋಗೆ ಅದರ ಅಗತ್ಯವಿರಲಿಲ್ಲ."

"ನನಗೆ ಹೇಳಿರಲಿಲ್ಲ," ಅಂದಳು ಪ್ರಭಾ.

"ಅವರು ನಿಮ್ಮ ಬಗ್ಗೆ ಹೇಳುತ್ತಿದ್ದರು," ಅಂದ ಕಾಯಲ್. "ನಿಮ್ಮ ಪರೀಕ್ಷೆಗಳು, ನೀವು ಆಸ್ಪತ್ರೆಯಲ್ಲಿ ಮೇಲೇರಿ ರಿಜಿಸ್ಟ್ರಾರ್ ಆದದ್ದು, ಎಲ್ಲ. ಮಾರೀನ್‌ಗೆ ಹೇಳುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದೆ."

•

ತೊಂಬತ್ತೊಂಬತ್ತರ ಯುಗಾದಿ. ಶಾಲೆಯೊಂದರ ಹಾಲಿನಲ್ಲಿ ಕನ್ನಡದವರೆಲ್ಲ ಸೇರಿದ್ದರು. ಆ ವಾರವೇ ವಾರ್ಡಿನಲ್ಲಿ ಒಬ್ಬ ರೋಗಿಯ ಮಗ ಪ್ರಭಾಳನ್ನು ನೋಡಿ, ನೆಲ ಒರೆಸುವವಳು ಯಾಕೆ ಅಪ್ಪನ ಚಾರ್ಟ್ ಮುಟ್ಟುತ್ತಿದ್ದಾಳೆ ಎಂದು ನರ್ಸನ್ನು ಕೇಳಿದ್ದ. ಅವಳ ನಂತರ ಸೇರಿದ ಇಬ್ಬರು ಮೇಲಿನ ಹುದ್ದೆಗೆ ಹೋಗಿದ್ದರು. ಕನ್ನಡದವರ ನಡುವೆಯಾದರೂ ತಲೆ ಎತ್ತಿ ನಿಲ್ಲಬೇಕೆಂದು ಒಳ್ಳೆಯ ಸೀರೆ ಉಟ್ಟು ಬಂದಿದ್ದಳು.

ಮೈಸೂರಿನ ಕಡೆಯ ಚಂದ್ರಿಕಾ ಆಗಷ್ಟೇ ಪರಿಚಯವಾಗಿದ್ದರು. ಸಹಜವಾಗಿಯೇ ಕೇಳಿದರು, "ನಿಮ್ಮನೆಯವ್ರು ಯಾವ ಆಸ್ಪತ್ರೇಲಿದಾರೆ?"

ಕಲ್ಲಯ್ಯ ಬಾಯಿ ತೆರೆಯುವ ಮೊದಲೇ ಪ್ರಭಾ, "ಅವ್ರದು ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ಸ್ ಬಿಸಿನೆಸ್," ಅಂದಳು.

ಕಲ್ಲಯ್ಯನ ಕೈಯಲ್ಲಿ ಹೋಳಿಗೆಯ ಕಾಗದದ ತಟ್ಟೆ ಇತ್ತು. ಅವನು ಹೋಳಿಗೆಯ ಅಂಚು ಮುರಿದು ಬಾಯಿಗೆ ಹಾಕಿಕೊಂಡ.

ಕಾರಿನಲ್ಲಿ ಬರುವಾಗ, "ಬಿಸಿನೆಸ್ ಅಂದಿ," ಅಂದ. "ಛಲೋ ಕೇಳಸ್ತದ."

"ಸಿಟ್ಟು ಬಂತೇನ್ರಿ?"

"ಇಲ್ಲ."

ಮುಂದಿನ ವರ್ಷ ಉದಯಶಂಕರ್ ಮನೆಗೆ ಪಿಯಾನೋ ಬಂತೆಂದು ಸುದ್ದಿಯಾಯಿತು. ಪ್ರಭಾ ಅನ್ನ ಬಡಿಸುತ್ತ, ಮುಖ ನೋಡದೆ ಹೇಳಿದಳು, "ಅವರ ಮನಿಗೊಂದು ಹೋಗಬ್ಯಾಡ್ರಿ. ಉದಯಶಂಕರ್ ಸರ್ ಕೈಕೆಳಗ ಕೆಲಸ ಮಾಡಾಕಿ ನಾ."

"ಯಾಕ ಹೋಗ್ಲಿ," ಅಂದಿದ್ದ ಕಲ್ಲಯ್ಯ. ಆ ಮಾತು ಅಲ್ಲಿಗೇ ಮುಗಿದಿತ್ತು. ತಾನು ಅಂದದ್ದು ತನಗೆ ನೆನಪಾದಾಗಲೆಲ್ಲ ಪ್ರಭಾ ಬೇರೇನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದಳು.

•

ಚಂದ್ರಿಕಾರ ದೊಡ್ಡ ಕೋಣೆಯಲ್ಲಿ ಜನ ತುಂಬಿದ್ದರು. ಕಾಯಲ್, ಬಿಳಿ ಕೋಲಿನ ಹೆಂಗಸು ಎಲ್ಲರೂ ಬಂದಿದ್ದರು. ಮಲ್ಲಪ್ಪ ಜಮೈಕದ ಮುದುಕಿಯ ಪಕ್ಕ ಕೂತು, ಒಬ್ಬರ ಮಾತು ಒಬ್ಬರಿಗೆ ಪೂರ್ತಿ ತಿಳಿಯದೆ, ಉಪ್ಪಿಟ್ಟು ತಿನ್ನುತ್ತಿದ್ದ. ಆಸ್ಪತ್ರೆಯ ಹುಡುಗ ಡಾಕ್ಟರನೊಬ್ಬ ಚಹಾದ ಕಪ್ಪನ್ನು ಕಿಟಕಿಯ ಬಳಿಯ ಪಿಯಾನೋದ ಮೇಲೆ ಇಡಹೋದ.

"ಅದ್ರ ಮೇಲೆ ಬೇಡಪ್ಪ," ಅಂದರು ಚಂದ್ರಿಕಾ. "ಅವ್ರಿಗೆ ಆಗ್ತಿರ್ಲಿಲ್ಲ."

ಅಂದ ಮೇಲೆ ಪ್ರಭಾಳ ಕಡೆ ನೋಡಿದರು.

"ಯಾರಿಗೆ?" ಅಂದಳು ಪ್ರಭಾ.

ಚಂದ್ರಿಕಾ ಅವಳ ಮೊಣಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ತಟ್ಟೆಗಳನ್ನು ಅತ್ತಿತ್ತ ಸರಿಸಿದರು.

"ನಿಮ್ಮನೆಯವ್ರು ನಿಮಗೆ ಹೇಳ್ಬಾರ್ದು ಅಂತ ಮಾತು ತೊಗೊಂಡಿದ್ರು. ಇನ್ನು ಮುಚ್ಚಿಟ್ಟು ಏನು. ಆರು ವರ್ಷದಿಂದ ಬರ್ತಿದ್ರು, ಪ್ರಭಾ. ವರ್ಷಕ್ಕೆರಡು ಸಲ."

ಪ್ರಭಾ ಕುರ್ಚಿ ಎಳೆದು ಕೂತಳು.

"ನಮ್ಮ ಮಗಳು ತನ್ಮಯಿ ಸ್ಕೂಲಿನ ಹಾಲಲ್ಲಿ ಅವ್ರನ್ನ ನೋಡ್ದೆ. ಪಿಯಾನೋ ಕೆಳಗೆ ಮಲಗಿದ್ರು, ಕಾಲು ಮಾತ್ರ ಕಾಣ್ತಿತ್ತು. ಎದ್ದು ನನ್ನ ನೋಡಿ ಗಾಬರಿಯಾದ್ರು. ನಮ್ಮನೇದು ಬೇರೆಯವ್ರು ಕೆಡಿಸಿಟ್ಟಿದ್ರು, ಒಂದ್ಸಲ ಬಂದು ನೋಡಿ ಅಂದೆ. ಆಗಲ್ಲ, ಪ್ರಭಾಗೆ ಮಾತು ಕೊಟ್ಟಿದೀನಿ ಅಂದ್ರು. ನಾನು ಬಿಡಲಿಲ್ಲ. ಸುಮ್ನೆ ನೋಡೋಕೆ ಅಂತ ಬಂದು ಒಂದು ಕೀ ಒತ್ತಿದ್ರು. ಹಲ್ಲು ನೋವು ಬಂದೋರ ಥರ ಮುಖ ಹಿಂಡ್ಕೊಂಡ್ರು. ಹಂಗೇ ಬಿಟ್ಟು ಹೋಗೋಕೆ ಅವ್ರ ಕೈಲಿ ಆಗ್ಲಿಲ್ಲ."

"ನನಗ ಹೇಳಬಹುದಿತ್ತು."

"ನಾನೂ ಅದೇ ಅಂದೆ. ಅವಳು ಆಸ್ಪತ್ರೇಲಿ ದಿನಾ ಒಬ್ಬರಲ್ಲ ಒಬ್ಬರ ಹತ್ರ ಅನ್ನಿಸ್ಕೊಂಡು ಬರ್ತಾಳೆ, ನನ್ನ ದೆಸೆಯಿಂದ ಇನ್ನೊಂದು ಬೇಡ ಅಂದ್ರು. ಕಾರು ನಮ್ಮನೆ ಮುಂದೆ ನಿಲ್ಲಿಸ್ತಿರ್ಲಿಲ್ಲ. ಸ್ಟೇಷನ್ ಹತ್ರ ಬಿಟ್ಟು, ಆ ಭಾರದ ಚೀಲ ಹೊತ್ಕೊಂಡು ನಡ್ಕೊಂಡು ಬರ್ತಿದ್ರು. ನೀವು ಈ ಕಡೆ ಬಂದ್ರೆ ನೋಡ್ತೀರಿ ಅಂತ."

"ಸರ್‌ಗೆ?"

"ಅವ್ರಿಗೂ ಗೊತ್ತು. ಭಾನುವಾರ ಮನೇಲಿದ್ರೆ ಇಬ್ರೂ ಕೂತು ಕ್ರಿಕೆಟ್ ನೋಡೋರು. ಎಲ್ರಿಗೂ ಗೊತ್ತಿತ್ತು, ಪ್ರಭಾ. ಯಾರೂ ಏನೂ ಅಂದ್ಕೊಂಡಿಲ್ಲ."

ಹೊರಗಿನ ಕೋಣೆಯಲ್ಲಿ ಯಾರೋ ಸಣ್ಣಗೆ ನಕ್ಕರು. ಪ್ರಭಾ ಎದ್ದು ಮುಖ ತೊಳೆದುಕೊಂಡಳು. ಚಂದ್ರಿಕಾ ಕೊಟ್ಟ ಟವೆಲಿನಲ್ಲಿ ಮುಖ ಹುದುಗಿಸಿ ಬಹಳ ಹೊತ್ತು ನಿಂತಳು. ಚಂದ್ರಿಕಾ ಅವಳ ಬೆನ್ನ ಮೇಲೆ ಕೈಯಿಟ್ಟರು.

ನಾಲ್ಕು ಗಂಟೆಗೆ ಹೊರಟರು. ಮನೆಯ ಮುಂದೆ ಬೇರೆಯವರ ಕಾರುಗಳು ತುಂಬಿದ್ದರಿಂದ ಸ್ಮೃತಿ ಹಿಂದೆ ಸಾಮಾನು ಹಿಡಿಸುವ ಅಪ್ಪನ ಹಳೆಯ ಎಸ್ಟೇಟ್ ಕಾರನ್ನು ಬೀದಿಯ ಕೊನೆಯಲ್ಲಿ ನಿಲ್ಲಿಸಿದ್ದಳು. ಉಳಿದ ಹೂವಿನ ಬುಟ್ಟಿ ಇಡಲೆಂದು ಹಿಂದಿನ ಬಾಗಿಲು ಎತ್ತಿದಳು. ಒಳಗೆ ಉಣ್ಣೆಯ ಸುರುಳಿಗಳು, ತಂತಿಯ ಉಂಡೆಗಳು, ಮಂಡಿ ಊರಲು ಒಂದು ದಿಂಬು. ದಿಂಬಿನ ಕೆಳಗೆ ಆಸ್ಪತ್ರೆಯ ಹಸಿರು ಬಟ್ಟೆಯಲ್ಲಿ ಏನೋ ಚಪ್ಪಟೆಯಾಗಿ ಸುತ್ತಿಟ್ಟಿತ್ತು. ಪ್ರಭಾ ಬಿಚ್ಚಿದಳು. ಕಾರಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತದ ಹಲಗೆ. ನೀಲಿಯ ಮೇಲೆ ಬಿಳಿ ಅಕ್ಷರ: ಕೆ. ಹಿರೇಮಠ, ಪಿಯಾನೋ ಟ್ಯೂನರ್, ಕೆಳಗೆ ಮನೆಯ ಫೋನ್ ನಂಬರು.

ಅವಳಿಗೆ ಅದು ನೆನಪಿತ್ತು. ತೊಂಬತ್ತೈದರಲ್ಲಿ ಅವನು ಅದನ್ನು ಮಾಡಿಸಿ ತಂದ ದಿನ, ನಮ್ಮ ರೋಡಿನಾಗ ಆಸ್ಪತ್ರಿಯವರು ಇರ್ತಾರ್ರಿ ಎಂದಷ್ಟೇ ಅಂದಿದ್ದಳು. ಮರುದಿನದಿಂದ ಹಲಗೆ ಕಾಣಲಿಲ್ಲ. ಎಸೆದಿರಬೇಕು ಎಂದುಕೊಂಡಿದ್ದಳು.

"ಅಪ್ಪ ಇದನ್ನ ಹಾಕೋತಿದ್ರೇನು?" ಅಂದಳು ಪ್ರಭಾ.

"ಎವ್ರಿ ಡೇ," ಅಂದಳು ಸ್ಮೃತಿ. "ಸ್ಕೂಲಿಂದ ವಾಪಸ್ ಬರುವಾಗ ನಮ್ಮ ರೋಡ್ ಕಾರ್ನರಲ್ಲಿ, ಪೋಸ್ಟ್‌ಬಾಕ್ಸ್ ಹತ್ರ ನಿಲ್ಲಿಸೋರು. ನಾನು ಇಳಿದು ಕಿತ್ತು ತರ್ತಿದ್ದೆ. ಏಳು ವರ್ಷ ಇರುವಾಗಿಂದ. ದಟ್ ವಾಸ್ ಮೈ ಜಾಬ್."

"ಯಾಕ ಅಂತ ಕೇಳ್ಲಿಲ್ಲೇನು ನೀನು?"

"ಅದು ನಮ್ಮ ರೋಡಿನ ರೂಲ್ ಅಂದ್ಕೊಂಡಿದ್ದೆ, ಅಮ್ಮ. ದೊಡ್ಡವಳಾದ ಮೇಲೆ ಗೊತ್ತಾಯ್ತು. ಆಗ ಕೇಳೋಕೆ ಆಗ್ಲಿಲ್ಲ."

ಪ್ರಭಾ ಹಲಗೆಯನ್ನು ಹಸಿರು ಬಟ್ಟೆಯಿಂದ ಒರೆಸಿ ಕಾರಿನ ಪಕ್ಕದ ಬಾಗಿಲಿಗೆ ಹಿಡಿದಳು. ಟಪ್ಪೆಂದು ಅಂಟಿತು, ಸೊಟ್ಟಗೆ. ಸ್ಮೃತಿ ಕಿತ್ತು ನೇರ ಮಾಡಿ ಹಾಕಿದಳು. ಅವಳ ಕೈಗೆ ಅಳತೆ ಗೊತ್ತಿತ್ತು. ಹಿಂದಿನಿಂದ ಬಂದ ಮಲ್ಲಪ್ಪ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿಕೊಂಡ. ಮೂಲೆಯಲ್ಲಿ ಉಳಿದಿದ್ದ ಕೆಸರಿನ ಹನಿಯನ್ನು ಹೆಗಲ ಮೇಲಿನ ವಲ್ಲಿಯ ತುದಿಯಿಂದ ತಿಕ್ಕಿ ತೆಗೆದು, ಹಿಂದಿನ ಸೀಟಿನಲ್ಲಿ ಹೋಗಿ ಕೂತ.

ತಮ್ಮ ರಸ್ತೆಯ ಮೂಲೆ ಬಂದಾಗ ಸ್ಮೃತಿಯ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಕಾರು ಕೆಂಪು ಪೋಸ್ಟ್‌ಬಾಕ್ಸಿನ ಪಕ್ಕ ನಿಂತಂತಾಯಿತು. ಅವಳು ಅಮ್ಮನ ಕಡೆ ನೋಡಿದಳು.

"ನಡಿ," ಅಂದಳು ಪ್ರಭಾ.

ಮನೆಯ ಮುಂದೆ, ರಸ್ತೆಗೆ ಹಲಗೆ ಕಾಣುವಂತೆ ಕಾರು ನಿಲ್ಲಿಸಿ ಮೂವರೂ ಒಳಗೆ ಹೋದರು. ಪ್ರಭಾ ಕೋಟು ಬಿಚ್ಚದೆ ಕಿಟಕಿಯ ಬಳಿ ನಿಂತಳು. ಎದುರುಮನೆಯ ಮುದುಕ ಕಸದ ತೊಟ್ಟಿ ಹೊರಗೆ ಎಳೆಯುತ್ತಿದ್ದ. ಹದಿಮೂರು ವರ್ಷದಿಂದ ಕಲ್ಲಯ್ಯನಿಗೆ ಬೆಳಗಿನ ನಮಸ್ಕಾರ ಹೇಳುತ್ತ ಬಂದ ಮನುಷ್ಯ. ತೊಟ್ಟಿ ಬಿಟ್ಟು ಅರ್ಧ ರಸ್ತೆ ದಾಟಿ ಬಂದ. ಅಂಗಿಯ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಬಗ್ಗಿ, ತುಟಿ ಅಲುಗಿಸುತ್ತ ಓದಿದ. ಆಮೇಲೆ ತಿರುಗಿ, ತೆರೆದಿದ್ದ ತನ್ನ ಮನೆಯ ಬಾಗಿಲ ಕಡೆಗೆ ಕೈ ಬೀಸಿ ಹೆಂಡತಿಯನ್ನು ಕರೆದ. ಅವಳು ಚಪ್ಪಲಿ ಮೆಟ್ಟಿ, ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಬಂದಳು.